ವೋಲ್ಟೇಜ್ ಎಲ್ಲಿ ಸೋರ್ತಾ ಇದೆ? ಹಳೇ ಬೈಕಿನ ಹೆಡ್‌ಲೈಟ್ ರಿಪೇರಿ

ಸೊಲ್ಲಾಪುರ ರಸ್ತೆಗೆ ಹಳಬರು ಈಗಲೂ ಎನ್‌ಎಚ್ 13 ಅಂತಾರೆ. ಬೋರ್ಡ್ ಮೇಲೆ 52 ಅಂತ ಬದಲಾಗಿ ಎಷ್ಟೋ ವರ್ಷ ಆಯ್ತು. ಬದಲಾಗದೇ ಇರೋದು ರಾತ್ರಿ ಹೊತ್ತಿನ ಆ ರಸ್ತೆ. ವಿಜಯಪುರದ ಬೀದಿದೀಪಗಳು ಹಿಂದೆ ಉಳಿದ ಮೇಲೆ ಹೊರ್ತಿ, ಝಳಕಿ ದಾಟಿ ಧೂಳಖೇಡದ ಭೀಮಾ ಸೇತುವೆವರೆಗೆ ಬಹುಪಾಲು ನಮ್ಮ ಬೆಳಕನ್ನೇ ನಾವು ನಂಬಬೇಕು. ಕಬ್ಬಿನ ಸೀಜನ್ನಿನಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಎರಡೆರಡು ಟ್ರೇಲರಿನ ಟ್ರ್ಯಾಕ್ಟರ್, ಪಂಕ್ಚರ್ ಆಗಿ ಪಕ್ಕಕ್ಕೆ ನಿಂತ ಲಾರಿ, ದಾಟೋ ಎಮ್ಮೆ, ಇವೆಲ್ಲ ಹೆಡ್‌ಲೈಟ್ ಎಷ್ಟು ದೂರ ಬೀಳುತ್ತೋ ಅಷ್ಟು ದೂರದಲ್ಲಿ ಮಾತ್ರ ಇರ್ತವೆ. ಅದಕ್ಕಿಂತ ಆಚೆ ಇದ್ದರೂ ನಮ್ಮ ಪಾಲಿಗೆ ಇಲ್ಲ.

ನಮ್ಮ ಕ್ಯಾಂಪಸ್ಸಿನ ಪಾರ್ಕಿಂಗ್ ಒಂದ್ಸಲ ನೋಡಿದರೆ ಸಾಕು. ಅಪ್ಪನ ಸ್ಪ್ಲೆಂಡರ್, ಕಾಕಾನ ಬಾಕ್ಸರ್, ಮಾವ ಕೊಟ್ಟ ಆರ್‌ಎಕ್ಸ್ 100, ಎಲ್ಲೋ ಒಂದು ಹಳೇ ಬುಲೆಟ್. ತಿಕೋಟಾದಿಂದ, ಬಬಲೇಶ್ವರದಿಂದ ದಿನಾ ಬಂದು ಹೋಗೋರು ಲ್ಯಾಬ್ ಮುಗಿಸಿ ಹೊರಡೋ ಹೊತ್ತಿಗೆ ಕತ್ತಲಾಗಿರ್ತದೆ. ಇವುಗಳಲ್ಲಿ ಅರ್ಧ ಗಾಡಿಗಳ ಹೆಡ್‌ಲೈಟ್ ಮಂಕು. ಕೇಳಿದರೆ ಉತ್ತರ ಒಂದೇ: "ಬಲ್ಬ್ ಹೋಗಿರ್ಬೇಕಪಾ, ಹೊಸಾದ್ ಹಾಕಿದ್ರ ಆತು." ಹೊಸದು ಹಾಕ್ತಾರೆ, ಎರಡು ದಿನ ಚಲೋ ಅನಿಸ್ತದೆ, ಆಮೇಲೆ ಅದೇ ಮಂಕು.

ಈ ಲೇಖನದಲ್ಲಿ ನಾವು ಹೇಳಬೇಕಾದ್ದು ಇಷ್ಟೇ: ಹಳೇ ಗಾಡಿಯಲ್ಲಿ ಮಂಕು ಬೆಳಕಿಗೆ ಕಾರಣ ಹೆಚ್ಚಿನ ಸಲ ಬಲ್ಬ್ ಅಲ್ಲ, ಬಲ್ಬಿಗೆ ಹೋಗೋ ದಾರಿ. ಆ ದಾರಿಯಲ್ಲಿ ವೋಲ್ಟೇಜ್ ಎಲ್ಲಿ ಸೋರ್ತಿದೆ ಅಂತ ಒಂದು ಸಾದಾ ಮಲ್ಟಿಮೀಟರಿನಿಂದ ಹುಡುಕಬಹುದು. ಸಾಮಾನು ಬದಲಾಯಿಸೋದು ಕೊನೆಯ ಕೆಲಸ, ಅಳೆಯೋದು ಮೊದಲ ಕೆಲಸ.

ಮೊದಲು ಲೆಕ್ಕ: ಎಷ್ಟು ಬೆಳಕು ಬೇಕು?

ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಎದುರಿಗೆ ಏನೋ ಇದೆ ಅಂತ ಕಂಡು, ತಿಳಿದು, ಬ್ರೇಕ್ ಒತ್ತೋಕೆ ಒಂದೂವರೆ ಸೆಕೆಂಡ್ ಹಿಡಿಯಿರಿ. ಅಷ್ಟರಲ್ಲೇ 25 ಮೀಟರ್ ಹೋಯ್ತು. ಆಮೇಲೆ ಸೆಕೆಂಡಿಗೆ ಸೆಕೆಂಡಿಗೆ 5 ಮೀಟರಿನಂತೆ ವೇಗ ಇಳಿದರೂ ನಿಲ್ಲೋಕೆ ಇನ್ನೂ 28 ಮೀಟರ್ ಬೇಕು. ಒಟ್ಟು 53 ಮೀಟರ್. ಅದೇ 40ರ ವೇಗದಲ್ಲಾದರೆ ಒಟ್ಟು 29 ಮೀಟರ್ ಸಾಕು. ಅಂದರೆ ಹೆಡ್‌ಲೈಟ್ 30 ಮೀಟರ್ ಮಾತ್ರ ತೋರಿಸ್ತಿದ್ದರೆ, 60ರಲ್ಲಿ ಓಡಿಸೋನು ಕಣ್ಣು ಕಟ್ಟಿಕೊಂಡು ಓಡಿಸಿದಂಗ.

ಈಗ ಬಲ್ಬಿನ ಕಡೆ ಬರೋಣ. ತಂತಿ ಇರೋ ಬಲ್ಬಿನ ಬೆಳಕು ವೋಲ್ಟೇಜಿಗೆ ನೇರ ಅನುಪಾತದಲ್ಲಿ ಇರೋದಿಲ್ಲ. ಅದು ಸುಮಾರು ವೋಲ್ಟೇಜಿನ 3.4ನೇ ಘಾತದಷ್ಟು ಏರಿಳಿಯುತ್ತದೆ. ಬ್ಯಾಟರಿಯಲ್ಲಿ 12.2 ವೋಲ್ಟ್ ಇದ್ದು ಬಲ್ಬಿನ ತುದಿಗೆ 10.4 ಮಾತ್ರ ಮುಟ್ಟಿದರೆ, ವೋಲ್ಟೇಜ್ ಕಡಿಮೆಯಾದದ್ದು ಶೇಕಡಾ 15. ಬೆಳಕು ಕಡಿಮೆಯಾದದ್ದು ಶೇಕಡಾ 40ಕ್ಕೂ ಹೆಚ್ಚು. ಅದಕ್ಕೇ ಒಂದೂವರೆ ವೋಲ್ಟ್ "ಅಷ್ಟರಾಗ ಏನಾಗ್ತದ" ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ.

ಆ ಒಂದೂವರೆ ವೋಲ್ಟ್ ಕಳೆಯೋಕೆ ದೊಡ್ಡ ದೋಷವೇನೂ ಬೇಕಿಲ್ಲ. 35 ವ್ಯಾಟ್, 12 ವೋಲ್ಟಿನ ಬಲ್ಬ್ ಸುಮಾರು 2.9 ಆಂಪ್ ಎಳೆಯುತ್ತದೆ. ದಾರಿಯಲ್ಲಿ ಅರ್ಧ ಓಮ್ ಹೆಚ್ಚುವರಿ ರೆಸಿಸ್ಟೆನ್ಸ್ ಸೇರಿದರೆ ಸಾಕು, ಒಂದೇಕಾಲು ವೋಲ್ಟಿನಷ್ಟು ಅಲ್ಲೇ ಉಳೀತು. ಹಸಿರು ತುಕ್ಕು ಹಿಡಿದ ಒಂದು ಕನೆಕ್ಟರ್, ಸವೆದ ಒಂದು ಡಿಮ್ಮರ್ ಸ್ವಿಚ್, ಪೇಂಟಿನ ಮೇಲೆ ಕೂಡಿಸಿದ ಒಂದು ಅರ್ತ್ ಬೋಲ್ಟ್, ಇವು ಮೂರೂ ಸ್ವಲ್ಪ ಸ್ವಲ್ಪ ಕೊಟ್ಟರೆ ಅರ್ಧ ಓಮ್ ಆಗ್ತದೆ. ನಮ್ಮ ಕಡೆಯ ಧೂಳು, ಬೇಸಿಗೆಯ ಸುಡುಬಿಸಿಲು, ಆಮೇಲೆ ಒಮ್ಮೆಲೇ ಬರೋ ಮಳೆ, ಇಪ್ಪತ್ತು ವರ್ಷ ಇದನ್ನೆಲ್ಲ ತಿಂದ ವೈರಿಂಗಿಗೆ ಇದು ಸಹಜ.

ಹಳೇ 6 ವೋಲ್ಟಿನ ಗಾಡಿಗಳಲ್ಲಿ ಈ ಕಾಟ ಇನ್ನೂ ಹೆಚ್ಚು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೇ ಜಾವಾಗಳು 6 ವೋಲ್ಟಿನವು. ಅದೇ 35 ವ್ಯಾಟಿಗೆ ಅಲ್ಲಿ ಕರೆಂಟ್ ಎರಡು ಪಟ್ಟು, ಮೂಲ ವೋಲ್ಟೇಜ್ ಅರ್ಧ. ಹಾಗಾಗಿ ಅದೇ ಒಂದು ಕೆಟ್ಟ ಜಾಯಿಂಟ್ ಶೇಕಡಾವಾರು ನಾಲ್ಕು ಪಟ್ಟು ನಷ್ಟ ಮಾಡ್ತದೆ. "ಜಾವಾ ಲೈಟ್ ಅಂದ್ರ ಮೇಣಬತ್ತಿ" ಅಂತ ನಗೋ ಮುಂಚೆ ಈ ಲೆಕ್ಕ ನೆನಪಿರಲಿ.

ಎಸಿ ಗಾಡಿಯೋ, ಡಿಸಿ ಗಾಡಿಯೋ?

ಇದನ್ನ ತಿಳಿಯದೆ ಮೀಟರ್ ಹಿಡಿಯಬೇಡಿ. ಬಹಳ ಹಳೇ ಗಾಡಿಗಳಲ್ಲಿ ಹೆಡ್‌ಲೈಟಿಗೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಇಂಜಿನ್ ತಿರುಗಿದಾಗ ಮ್ಯಾಗ್ನೆಟೋ ಕಾಯಿಲಿನಲ್ಲಿ ಹುಟ್ಟೋ ಎಸಿ ಕರೆಂಟ್, ರೆಗ್ಯುಲೇಟರ್ ಮುಟ್ಟಿ ನೇರವಾಗಿ ಬಲ್ಬಿಗೆ ಹೋಗ್ತದೆ. ಹಳೇ ಹೀರೋ ಹೋಂಡಾ ಸಿಡಿ 100, ಸ್ಪ್ಲೆಂಡರ್ ಈ ಜಾತಿಯವು. ಇನ್ನೊಂದು ಜಾತಿಯಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದಲೇ ಹತ್ತುತ್ತದೆ.

ಪರೀಕ್ಷೆ ಸರಳ. ಇಂಜಿನ್ ಬಂದ್ ಇಟ್ಟು, ಕೀ ಆನ್ ಮಾಡಿ, ಲೈಟ್ ಸ್ವಿಚ್ ಹಾಕಿ. ಹೆಡ್‌ಲೈಟ್ ಹತ್ತಿದರೆ ಡಿಸಿ. ಹಾರ್ನ್, ಇಂಡಿಕೇಟರ್ ನಡೀತಾ ಇದ್ದು ಹೆಡ್‌ಲೈಟ್ ಮಾತ್ರ ಇಂಜಿನ್ ಚಾಲೂ ಆದ ಮೇಲೆ ಹತ್ತಿ, ಆಕ್ಸಲರೇಟರ್ ತಿರುವಿದಂತೆ ಪ್ರಕಾಶ ಏರಿದರೆ ಎಸಿ. ಒಂದು ಎಚ್ಚರ: 2017ರ ಏಪ್ರಿಲ್ ನಂತರದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಸದಾ ಹತ್ತಿರಬೇಕು ಅನ್ನೋ ನಿಯಮ ಬಂತು, ಅವುಗಳಲ್ಲಿ ಲೈಟ್ ಸ್ವಿಚ್ಚೇ ಇಲ್ಲ. ಈ ಪರೀಕ್ಷೆ ಅದಕ್ಕಿಂತ ಹಳೇ ಗಾಡಿಗಳಿಗೆ.

ಈ ಒಂದು ಪರೀಕ್ಷೆಯಿಂದ ಎಷ್ಟೋ ದುಡ್ಡು ಉಳೀತದೆ. ಎಸಿ ಗಾಡಿಯ ಹೆಡ್‌ಲೈಟ್ ಮಂಕು ಅಂತ ಹೊಸ ಬ್ಯಾಟರಿ ಹಾಕಿಸಿದರೆ ಬೆಳಕು ಒಂದು ಚೂರೂ ಹೆಚ್ಚೋದಿಲ್ಲ.

ಮೀಟರ್ ಮೋಸ ಮಾಡೋದು ಹೇಗೆ?

ಬೇಸಿಕ್ ಎಲೆಕ್ಟ್ರಿಕಲ್ ಲ್ಯಾಬ್ ಮುಗಿಸಿದ ನಮ್ಮಂಥವರು ಸಾಮಾನ್ಯವಾಗಿ ಮೂರು ಕಡೆ ಎಡವೋ ಸಂಭವ ಇದೆ.

ಒಂದು, ಬಲ್ಬ್ ಬಿಚ್ಚಿ ಖಾಲಿ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡೋದು. ಮಲ್ಟಿಮೀಟರಿನ ಒಳಗಿನ ರೆಸಿಸ್ಟೆನ್ಸ್ ಮೆಗಾ ಓಮಿನಲ್ಲಿ ಇರ್ತದೆ, ಅದು ಎಳೆಯೋ ಕರೆಂಟ್ ಇಲ್ಲವೆಂಬಷ್ಟು. ಕರೆಂಟ್ ಇಲ್ಲದಿದ್ದರೆ ಡ್ರಾಪ್ ಇಲ್ಲ. ಹಾಗಾಗಿ ಒಳಗೆ ಒಂದೇ ಎಳೆ ಉಳಿದ ವೈರ್ ಕೂಡ ಪೂರಾ 12 ವೋಲ್ಟ್ ತೋರಿಸ್ತದೆ. ಬಲ್ಬ್ ಹಾಕಿ ಹತ್ತಿಸಿದಾಗ ಮಾತ್ರ ಅದರ ಬಣ್ಣ ಬಯಲು. ಅಳತೆ ಯಾವಾಗಲೂ ಬಲ್ಬ್ ಹತ್ತಿರುವಾಗಲೇ ಆಗಬೇಕು.

ಎರಡು, ಓಮ್ ರೇಂಜಿನಲ್ಲಿ ವೈರ್ ಅಳೆಯೋದು. ನಾವು ಹುಡುಕ್ತಿರೋದು ಅರ್ಧ ಓಮಿನ ಕಳ್ಳನನ್ನ. ಅಗ್ಗದ ಮೀಟರಿನ ಪ್ರೋಬ್ ವೈರುಗಳೇ 0.2, 0.3 ಓಮ್ ತೋರಿಸ್ತವೆ. ಬೀಪ್ ಬಂತು ಅಂದ ಮಾತ್ರಕ್ಕೆ ಜಾಯಿಂಟ್ ಚಲೋ ಇದೆ ಅಂತ ಅರ್ಥ ಅಲ್ಲ.

ಮೂರು, ಬಲ್ಬಿನ ಓಮ್ ನೋಡಿ ಓಮ್ಸ್ ಲಾ ಹಚ್ಚೋದು. ಹತ್ತಿರೋ 35 ವ್ಯಾಟಿನ ಬಲ್ಬಿನ ರೆಸಿಸ್ಟೆನ್ಸ್ ಸುಮಾರು 4 ಓಮ್. ಆದರೆ ತಣ್ಣಗಿದ್ದಾಗ ಟಂಗ್‌ಸ್ಟನ್ ತಂತಿಯ ರೆಸಿಸ್ಟೆನ್ಸ್ ಅದರ ಹತ್ತನೇ ಒಂದು ಭಾಗದ ಆಸುಪಾಸು ಮಾತ್ರ. ಮೀಟರ್ 0.4 ತೋರಿಸಿದರೆ ಬಲ್ಬ್ ಶಾರ್ಟ್ ಆಗಿದೆ ಅಂತ ಎಸೆಯಬೇಡಿ, ಅದು ಸರಿಯಾಗೇ ಇದೆ.

ಡಿಸಿ ಗಾಡಿ: ನಾಲ್ಕು ಅಳತೆ

ಮೀಟರನ್ನ 20 ವೋಲ್ಟ್ ಡಿಸಿ ರೇಂಜಿಗೆ ಇಡಿ. ಹೆಡ್‌ಲೈಟ್ ಹೊರತೆಗೆದು, ಕನೆಕ್ಟರ್ ಬಲ್ಬಿಗೆ ಕೂತಿರುವಂತೆಯೇ ಬಿಡಿ. ಕನೆಕ್ಟರಿನ ಹಿಂಬದಿಯಿಂದ ವೈರಿನ ಪಕ್ಕ ಒಂದು ಗುಂಡುಸೂಜಿ ತೂರಿಸಿದರೆ ಪ್ರೋಬಿಗೆ ಜಾಗ ಸಿಗ್ತದೆ. ಎರಡು ಸೂಜಿ ಒಂದಕ್ಕೊಂದು, ಅಥವಾ ಲೈವ್ ಸೂಜಿ ಬಾಡಿಗೆ ತಾಗದಂತೆ ನೋಡಿಕೊಳ್ಳಿ. ಬಲ್ಬಿನ ಗಾಜಿಗೆ ಬೆರಳು ಹಚ್ಚಬೇಡಿ, ಕೈಯ ಎಣ್ಣೆ ಅಂಟಿದ ಕಡೆ ಹ್ಯಾಲೊಜೆನ್ ಗಾಜು ಬೇಗ ಹಾಳಾಗ್ತದೆ. ಹತ್ತಿದ ಬಲ್ಬ್ ಕೈ ಸುಡೋದಂತೂ ಖಾತ್ರಿ.

1. ಲೈಟ್ ಹತ್ತಿಸಿ ಬ್ಯಾಟರಿಯ ಎರಡು ಕಂಬಗಳ ಮಧ್ಯೆ ಅಳೆಯಿರಿ. 12.2 ಬಂತು ಅಂದುಕೊಳ್ಳಿ. 11.8ಕ್ಕಿಂತ ಕೆಳಗಿದ್ದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿ, ಉಳಿದದ್ದು ಆಮೇಲೆ.

2. ಬಲ್ಬಿನ ಲೈವ್ ಮತ್ತು ಅರ್ತ್ ಮಧ್ಯೆ ಅಳೆಯಿರಿ. 10.4 ಬಂತು. ಅಂದರೆ 1.8 ವೋಲ್ಟ್ ದಾರಿಯಲ್ಲಿ ಹೋಗಿದೆ.

3. ಕೆಂಪು ಪ್ರೋಬ್ ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಪ್ರೋಬ್ ಬಲ್ಬಿನ ಲೈವ್‌ಗೆ. ಮೀಟರ್ ಈಗ ನೇರವಾಗಿ ಪಾಸಿಟಿವ್ ದಾರಿಯ ನಷ್ಟವನ್ನೇ ತೋರಿಸ್ತದೆ. 1.1 ಬಂತು.

4. ಕೆಂಪು ಪ್ರೋಬ್ ಬಲ್ಬಿನ ಅರ್ತ್‌ಗೆ, ಕಪ್ಪು ಬ್ಯಾಟರಿ ನೆಗೆಟಿವ್‌ಗೆ. ಇದು ಅರ್ತ್ ದಾರಿಯ ನಷ್ಟ. 0.7 ಬಂತು.

1.1ಕ್ಕೆ 0.7 ಕೂಡಿಸಿದರೆ 1.8. ಕಿರ್ಚಾಫ್ ಪುಸ್ತಕದಲ್ಲಿ ಮಾತ್ರ ಇಲ್ಲ, ಹೆಡ್‌ಲೈಟಿನಲ್ಲೂ ಇದ್ದಾನೆ. ಕೂಡಿಸಿದ್ದು ತಾಳೆಯಾಗದಿದ್ದರೆ ಪ್ರೋಬ್ ಸರಿಯಾಗಿ ಕೂತಿಲ್ಲ ಅಂತ ತಿಳಿಯಿರಿ.

ಕೆಲಸದ ಮಟ್ಟಿಗೆ ಪಾಸಿಟಿವ್ ಕಡೆ ಅರ್ಧ ವೋಲ್ಟ್, ಅರ್ತ್ ಕಡೆ 0.2 ವೋಲ್ಟ್, ಇದಕ್ಕಿಂತ ಹೆಚ್ಚಿದ್ದರೆ ಹುಡುಕಬೇಕು. ಪಾಸಿಟಿವ್ ಕಡೆ ನಷ್ಟ ಇದ್ದರೆ ಬ್ಯಾಟರಿ ಪಾಸಿಟಿವ್‌ನಲ್ಲಿ ಕೆಂಪು ಪ್ರೋಬ್ ಕದಲಿಸದೆ, ಕಪ್ಪು ಪ್ರೋಬನ್ನ ಒಂದೊಂದೇ ಠಾಣೆಗೆ ಒಯ್ಯಿರಿ: ಫ್ಯೂಸಿನ ಆಚೆ, ಇಗ್ನಿಷನ್ ಸ್ವಿಚ್ಚಿನ ಆಚೆ, ಲೈಟ್ ಸ್ವಿಚ್ಚಿನ ಆಚೆ, ಡಿಮ್ಮರಿನ ಆಚೆ. 0.1, 0.2 ಅಂತ ಏರುತ್ತಿದ್ದ ಸಂಖ್ಯೆ ಒಂದು ಕಡೆ ಒಮ್ಮೆಲೇ ಜಿಗೀತದೆ. ಆ ಜಿಗಿತ ಇರೋ ಕಡೆಯೇ ಕಳ್ಳ. ಅಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೂ ಆಶ್ಚರ್ಯವಿಲ್ಲ. 1.1 ವೋಲ್ಟ್ ನಷ್ಟ, 2.6 ಆಂಪ್ ಕರೆಂಟ್ ಅಂದರೆ ಸುಮಾರು 3 ವ್ಯಾಟ್ ಶಾಖ, ಕಡ್ಡಿಪೆಟ್ಟಿಗೆಯ ಕಡ್ಡಿತಲೆಯಷ್ಟು ಜಾಗದಲ್ಲಿ.

ಅರ್ತ್ ಕಡೆ ನಷ್ಟ ಇದ್ದರೆ ಇನ್ನೂ ಸುಲಭ. ಬ್ಯಾಟರಿ ನೆಗೆಟಿವ್‌ನಿಂದ ಬಲ್ಬಿನ ಅರ್ತ್‌ಗೆ ತಾತ್ಕಾಲಿಕವಾಗಿ ಒಂದು ದಪ್ಪ ವೈರ್ ಹಿಡಿಯಿರಿ. ಬೆಳಕು ಕಣ್ಣೆದುರೇ ಏರಿದರೆ ದೋಷ ಅರ್ತ್‌ನಲ್ಲೇ. ಅರ್ತ್ ಬೋಲ್ಟ್ ಬಿಚ್ಚಿ, ಪೇಂಟ್, ತುಕ್ಕು ಎಮೆರಿ ಪೇಪರಿನಿಂದ ಬಿಳಿ ಲೋಹ ಕಾಣೋವರೆಗೆ ತಿಕ್ಕಿ, ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಹಚ್ಚಿ.

ಎಸಿ ಗಾಡಿ: ಲೆಕ್ಕ ಅದೇ, ಮೂಲ ಬೇರೆ

ಇಲ್ಲಿ ಬ್ಯಾಟರಿ ಬದಲು ರೆಗ್ಯುಲೇಟರಿನಿಂದ ಲೈಟಿಗೆ ಹೊರಡೋ ವೈರ್ ಮೊದಲ ಠಾಣೆ. ಗಾಡಿಯನ್ನ ಬಯಲಲ್ಲಿ ನಿಲ್ಲಿಸಿ, ಒಬ್ಬರು ಆಕ್ಸಲರೇಟರ್ ಒಂದೇ ಸಮ ಹಿಡಿದಿರಲಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ನಡೆಸಬೇಡಿ. ಎಸಿ ರೇಂಜಿನಲ್ಲಿ ರೆಗ್ಯುಲೇಟರ್ ಬಳಿ ಒಂದು ಅಳತೆ, ಬಲ್ಬಿನ ಬಳಿ ಒಂದು ಅಳತೆ.

ರೆಗ್ಯುಲೇಟರ್ ಬಳಿ ಚಲೋ, ಬಲ್ಬಿನ ಬಳಿ ಕಡಿಮೆ ಅಂದರೆ ದೋಷ ಮೇಲೆ ಹೇಳಿದ ದಾರಿಯಲ್ಲೇ: ಸ್ವಿಚ್, ಡಿಮ್ಮರ್, ಕನೆಕ್ಟರ್, ಅರ್ತ್. ಎರಡೂ ಕಡೆ ಕಡಿಮೆ ಅಂದರೆ ಲೈಟಿಂಗ್ ಕಾಯಿಲ್ ಅಥವಾ ರೆಗ್ಯುಲೇಟರ್. ಅದೇ ಮಾಡೆಲಿನ ಸರಿಯಿರೋ ಗಾಡಿಯ ರೆಗ್ಯುಲೇಟರ್ ಎರವಲು ತಂದು ಹಾಕಿ ನೋಡಿ. ಬೆಳಕು ಬಂದರೆ ರೆಗ್ಯುಲೇಟರ್, ಬರದಿದ್ದರೆ ಕಾಯಿಲ್ ಕಡೆ ಹೋಗಿ.

ಇಲ್ಲಿ ಮೀಟರಿನ ಇನ್ನೊಂದು ಮೋಸ ಇದೆ. ರೆಗ್ಯುಲೇಟರ್ ಅಲೆಯ ತಲೆಯನ್ನ ಕತ್ತರಿಸ್ತದೆ. ಹಾಗಾಗಿ ಅದು ಸೈನ್ ವೇವ್ ಆಗಿ ಉಳಿಯೋದಿಲ್ಲ. ಅಗ್ಗದ ಮೀಟರುಗಳು ಸರಾಸರಿ ಅಳೆದು, ಸೈನ್ ವೇವ್ ಅಂತ ಊಹಿಸಿ ಆರ್‌ಎಂಎಸ್ ಹೇಳ್ತವೆ. ಅದು ಹೇಳೋ 11ನ್ನೋ 13ನ್ನೋ ಕಣ್ಣುಮುಚ್ಚಿ ನಂಬಬೇಡಿ. ಅದೇ ಮೀಟರಿನಿಂದ, ಅದೇ ಆರ್‌ಪಿಎಂನಲ್ಲಿ, ಚಲೋ ಇರೋ ಇನ್ನೊಂದು ಸ್ಪ್ಲೆಂಡರನ್ನೂ ಅಳೆದು ಹೋಲಿಸಿ. ಕ್ಯಾಂಪಸ್ಸಿನಲ್ಲಿ ಸ್ಪ್ಲೆಂಡರಿಗೇನು ಬರ?

ಬಲ್ಬ್ ಮೇಲೆ ಬಲ್ಬ್ ಸುಡುತ್ತಿದ್ದರೆ ಅದು ಬೇರೆಯೇ ಕಥೆ. ಅಲ್ಲಿ ವೋಲ್ಟೇಜ್ ಸೋರ್ತಿಲ್ಲ, ಉಕ್ಕುತ್ತಿದೆ. ವೋಲ್ಟೇಜ್ ಶೇಕಡಾ 10 ಹೆಚ್ಚಾದರೆ ಬಲ್ಬಿನ ಆಯಸ್ಸು ಮೂರನೇ ಒಂದು ಭಾಗಕ್ಕೆ ಇಳೀತದೆ. ಹೆಡ್‌ಲೈಟ್ ಸುಟ್ಟ ಕೂಡಲೇ ಅದು ಎಳೀತಿದ್ದ ಕರೆಂಟ್ ನಿಂತು, ಹಿಂದಿನ ಟೇಲ್ ಲ್ಯಾಂಪೂ ಹೋಗ್ತದೆ. ಹೊಸ ರೆಗ್ಯುಲೇಟರ್ ಕೊಳ್ಳೋ ಮುಂಚೆ ಹಳೇದರ ಅರ್ತ್ ನೋಡಿ. ಹೆಚ್ಚಾದ ವೋಲ್ಟೇಜನ್ನ ರೆಗ್ಯುಲೇಟರ್ ಅರ್ತ್‌ಗೆ ಇಳಿಸಬೇಕು. ಇಳಿಸೋ ದಾರಿಯೇ ಕಟ್ ಆಗಿದ್ದರೆ ಅದು ಪಾಪ ಏನು ಮಾಡೀತು?

ಲಕ್ಷಣ ನೋಡಿ ಜಾಗ ಹಿಡಿಯೋದು

ಹೈ ಇದೆ, ಲೋ ಇಲ್ಲ: ಬಲ್ಬಿನ ಒಂದು ತಂತಿ ಹೋಗಿರಬಹುದು, ಇಲ್ಲವೇ ಡಿಮ್ಮರಿನ ಒಂದು ಕಾಂಟ್ಯಾಕ್ಟ್. ಬಲ್ಬ್ ಕಣ್ಣಿಂದಲೇ ನೋಡಬಹುದು.

ಹ್ಯಾಂಡಲ್ ತಿರುವಿದಾಗ ಆರಿ ಹತ್ತುತ್ತದೆ: ಸ್ಟೀರಿಂಗ್ ಕುತ್ತಿಗೆಯ ಬಳಿ ವೈರ್ ಮಡಚಿ ಮಡಚಿ ಒಳಗೆ ತುಂಡಾಗಿದೆ. ಹೊರಗಿನ ಪ್ಲಾಸ್ಟಿಕ್ ಚಂದವೇ ಇರ್ತದೆ. ಒಂದೊಂದೇ ವೈರ್ ಎಳೆದು ನೋಡಿ, ರಬ್ಬರಿನಂತೆ ಜಗ್ಗಿದ ಕಡೆ ತಾಮ್ರ ಇಲ್ಲ.

ಗುಂಡಿಯಲ್ಲಿ ಕುಲುಕಿದಾಗ ಆರ್ತದೆ: ಬಲ್ಬ್ ಹೋಲ್ಡರ್ ಸಡಿಲ, ಅಥವಾ ಅರ್ತ್.

ಇಂಡಿಕೇಟರ್ ಹಾಕಿದರೆ ಹೆಡ್‌ಲೈಟೂ ಅದೇ ತಾಳಕ್ಕೆ ಕುಣೀತದೆ: ಇಬ್ಬರೂ ಒಂದೇ ಕೆಟ್ಟ ಅರ್ತ್ ಹಂಚಿಕೊಂಡಿದ್ದಾರೆ. ಡಿಸಿ ಗಾಡಿಯಾಗಿದ್ದರೆ ಬ್ಯಾಟರಿಯೂ ಸೋತಿರಬಹುದು.

ಫ್ಯೂಸ್ ಪದೇ ಪದೇ ಹೋಗ್ತದೆ: ಎಲ್ಲೋ ವೈರ್ ಫ್ರೇಮಿಗೆ ಉಜ್ಜಿ ಬೆತ್ತಲಾಗಿದೆ. ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದರೆ ಮುಂದೆ ಸುಡೋದು ಫ್ಯೂಸ್ ಅಲ್ಲ, ಇಡೀ ಹಾರ್ನೆಸ್.

ವೈರಿನ ಬಣ್ಣ ನೋಡಿ ಜೋಡಿಸೋ ಮುಂಚೆ ಕಂಪನಿ ಯಾವುದು ನೋಡಿ. ಹೋಂಡಾ ಪದ್ಧತಿಯಲ್ಲಿ ಹಸಿರು ಅಂದರೆ ಅರ್ತ್, ನೀಲಿ ಹೈ, ಬಿಳಿ ಲೋ. ಯಮಹಾ ಪದ್ಧತಿಯಲ್ಲಿ ಕಪ್ಪು ಅರ್ತ್, ಹಳದಿ ಹೈ, ಹಸಿರು ಲೋ. ಸ್ಪ್ಲೆಂಡರ್ ರೂಢಿಯಾದ ಕೈ ಆರ್‌ಎಕ್ಸ್ 100ರ ಹಸಿರು ವೈರನ್ನ ಬಾಡಿಗೆ ಬಿಗಿದರೆ ಲೋ ಬೀಮೇ ಶಾರ್ಟ್. ನಡುವೆ ಯಾರೋ ಹಾರ್ನೆಸ್ ಬದಲಾಯಿಸಿದ್ದರೆ ಬಣ್ಣಕ್ಕೆ ಅರ್ಥವೇ ಇಲ್ಲ, ಮೀಟರೇ ಸಾಕ್ಷಿ.

"ದೊಡ್ಡ ಬಲ್ಬ್ ಹಾಕಿದ್ರ ಆಗಂಗಿಲ್ಲೇನು?"

ಆಗಂಗಿಲ್ಲ. ಎಸಿ ಗಾಡಿಯ ಕಾಯಿಲ್ ಕೊಡೋ ಶಕ್ತಿಗೆ ಮಿತಿ ಇದೆ. 35 ವ್ಯಾಟಿಗೆ ಮಾಡಿದ ಕಾಯಿಲಿಗೆ 60/55ರ ಬಲ್ಬ್ ಹಾಕಿದರೆ ವೋಲ್ಟೇಜ್ ಕುಸಿದು ಬೆಳಕು ಇನ್ನೂ ಕೆಂಪಾಗ್ತದೆ. ಡಿಸಿ ಗಾಡಿಯಲ್ಲಿ ಹತ್ತುತ್ತದೆ, ಆದರೆ ಸುಮಾರು 5 ಆಂಪ್ ಕರೆಂಟ್ ಅದೇ ಹಳೇ ಸ್ವಿಚ್ಚಿನ ಮೂಲಕ ಹೋಗಬೇಕು. ಶಾಖ ಕರೆಂಟಿನ ವರ್ಗಕ್ಕೆ ಸಮ, ಅಂದರೆ ಅದೇ ಜಾಯಿಂಟಿನಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು. ಹೋಲ್ಡರ್ ಕರಗೋದು ಹೀಗೇ.

ಡಿಸಿ ಗಾಡಿಯಲ್ಲಿ ಸರಿಯಾದ ಬಲ್ಬ್ ಇಟ್ಟುಕೊಂಡೇ ಬೆಳಕು ಹೆಚ್ಚಿಸೋ ದಾರಿ ರಿಲೇ. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್ ರಿಲೇಯ 30ಕ್ಕೆ, 87ರಿಂದ ಬಲ್ಬಿಗೆ. ಹಳೇ ಸ್ವಿಚ್ಚಿನ ವೈರ್ 86ಕ್ಕೆ, 85 ಅರ್ತ್‌ಗೆ. ಹೈ, ಲೋ ಎರಡೂ ಬೇಕಾದರೆ ಎರಡು ರಿಲೇ. ಸವೆದ ಸ್ವಿಚ್ ಈಗ ರಿಲೇಯ ಸಣ್ಣ ಕರೆಂಟ್ ಮಾತ್ರ ಹೊರುತ್ತದೆ. ಎಸಿ ಗಾಡಿಗೆ ಇದನ್ನ ಹೀಗೇ ಹಾಕೋಕೆ ಬರೋದಿಲ್ಲ. ಬ್ಯಾಟರಿಯಿಂದ ಹೆಡ್‌ಲೈಟ್ ಹತ್ತಿಸಿದರೆ ಅದನ್ನ ತುಂಬಿಸೋ ಶಕ್ತಿ ಚಾರ್ಜಿಂಗ್ ಕಾಯಿಲಿಗೆ ಇರಬೇಕಲ್ಲ?

ಅಗ್ಗದ ಎಲ್‌ಇಡಿ ಬಲ್ಬ್ ಎಸಿ ಗಾಡಿಯಲ್ಲಿ ಮಿಣಮಿಣ ಮಿಟುಕುತ್ತದೆ. ಕಾದ ಟಂಗ್‌ಸ್ಟನ್ ತಂತಿ ಎರಡು ಅಲೆಗಳ ಮಧ್ಯೆ ತಣ್ಣಗಾಗೋದಿಲ್ಲ, ಎಲ್‌ಇಡಿಗೆ ಆ ತಾಳ್ಮೆ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಫೋಕಸ್ಸಿನದು. ರಿಫ್ಲೆಕ್ಟರನ್ನ ರೂಪಿಸಿರೋದು ತಂತಿ ಇರೋ ಜಾಗಕ್ಕೆ ಸರಿಯಾಗಿ. ಎಲ್‌ಇಡಿ ಚಿಪ್ ಸ್ವಲ್ಪ ಆಚೀಚೆ ಇದ್ದರೂ ಬೆಳಕು ರಸ್ತೆಗಿಂತ ಎದುರಿನವರ ಕಣ್ಣಿಗೇ ಹೆಚ್ಚು ಬೀಳ್ತದೆ.

ಕೊನೆಗೆ ಗೋಡೆ ಪರೀಕ್ಷೆ

ವೋಲ್ಟೇಜ್ ಸರಿಹೋದ ಮೇಲೂ ಬೆಳಕು ಎಲ್ಲಿ ಬೀಳ್ತದೆ ಅನ್ನೋದು ಉಳೀತು. ಸಮತಟ್ಟು ನೆಲದಲ್ಲಿ ಹಾಸ್ಟೆಲ್ ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ. ಟೈರಿನ ಗಾಳಿ ಸರಿಯಿರಲಿ, ಓಡಿಸೋರು ಮೇಲೆ ಕೂತಿರಲಿ. ಹೆಡ್‌ಲೈಟಿನ ನಡುಮಧ್ಯದ ಎತ್ತರವನ್ನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಲೋ ಬೀಮಿನ ಮೇಲಂಚು ಆ ಗೆರೆಗಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಇರಬೇಕು.

5 ಮೀಟರಿಗೆ 5 ಸೆಂಟಿಮೀಟರ್ ಅಂದರೆ ನೂರಕ್ಕೆ ಒಂದು ಇಳಿಜಾರು. ಹೆಡ್‌ಲೈಟ್ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬೆಳಕಿನ ಅಂಚು ನೆಲ ಮುಟ್ಟೋದು 90 ಮೀಟರಿನಲ್ಲಿ. ಗೋಡೆಯ ಮೇಲೆ ಅದು 10 ಸೆಂಟಿಮೀಟರ್ ಕೆಳಗಿದ್ದರೆ 45 ಮೀಟರಿನಲ್ಲೇ ಮುಗೀತು. 60ರ ವೇಗಕ್ಕೆ ನಮಗೆ ಬೇಕಾದ 53 ಮೀಟರ್ ಅಲ್ಲಿಗೆ ಸಿಗೋದಿಲ್ಲ. ಹಿಂದೆ ಗೆಳೆಯನನ್ನ ಕೂಡಿಸಿದರೆ ಗಾಡಿಯ ಹಿಂಭಾಗ ಇಳಿದು ಬೆಳಕು ಮೇಲೇರ್ತದೆ, ಆಗ ಎದುರಿನವರಿಗೆ ಕಣ್ಣು ಕುಕ್ಕುತ್ತದೆ. ಊರಿಗೆ ಯಾವಾಗಲೂ ಡಬಲ್ ಹೋಗೋರು ಡಬಲ್ ಕೂತೇ ಅಡ್ಜಸ್ಟ್ ಮಾಡಿಕೊಳ್ಳಿ.

ಕೇಂದ್ರ ಮೋಟಾರು ವಾಹನ ನಿಯಮಾವಳಿಯ 105ನೇ ನಿಯಮ ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ, ಹುಟ್ಟೋಕೆ ಅರ್ಧ ಗಂಟೆ ಇರೋವರೆಗೆ ದೀಪ ಹತ್ತಿರಲೇಬೇಕು ಅಂತ ಹೇಳ್ತದೆ. ಹತ್ತಿದೆ ಅನ್ನೋದು ಪೊಲೀಸರಿಗೆ ಸಾಕಾಗಬಹುದು. ಕಬ್ಬಿನ ಟ್ರೇಲರಿನ ಹಿಂದೆ ಹೋಗೋರಿಗೆ ಎಷ್ಟು ಹತ್ತಿದೆ ಅನ್ನೋದೂ ಬೇಕು. ಬೇಕಾದ ಸಾಮಾನು ಒಂದು ಮಲ್ಟಿಮೀಟರ್, ಎರಡು ಗುಂಡುಸೂಜಿ, ಒಂದು ತುಂಡು ಎಮೆರಿ ಪೇಪರ್, ಒಂದು ಸೀಮೆಸುಣ್ಣ. ನಾಲ್ಕು ಅಳತೆ, ಒಂದು ಗೋಡೆ. ಈ ಭಾನುವಾರ ಊರಿಗೆ ಹೊರಡೋ ಮುಂಚೆ ಮಾಡಿ ನೋಡ್ರಿ.